ನಳನನ್ನು ಜೂಜು ಬಿಟ್ಟ ಬಗೆ

ನಳಪಾಕ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಮಾಟುಂಗದ ಮದುವೆಯ ಊಟವಿರಲಿ, ಸಂಘದ ವಾರ್ಷಿಕೋತ್ಸವದ ಬಿಸಿಬೇಳೆ ಭಾತ್ ಇರಲಿ, ಅಡಿಗೆ ಹದಕ್ಕೆ ಬಂದಿತೆಂದರೆ ನಳನ ಹೆಸರು ಬಂದೇ ಬರುತ್ತದೆ. ಅದೇ ನಳ ಮಹಾರಾಜ ಜೂಜಿನಲ್ಲಿ ರಾಜ್ಯ ಕಳೆದುಕೊಂಡವನು, ನಡುಗಾಡಿನಲ್ಲಿ ನಿದ್ದೆ ಹೋಗಿದ್ದ ಹೆಂಡತಿಯನ್ನು ಬಿಟ್ಟು ಹೊರಟುಹೋದವನು ಎಂಬುದನ್ನು ಊಟದೆಲೆಯ ಮುಂದೆ ಯಾರೂ ನೆನೆಯುವುದಿಲ್ಲ. ಜೂಜುಗಾರನ ಹೆಸರು ಅಡಿಗೆಗೆ ಅಂಟಿಕೊಂಡು ಉಳಿದದ್ದು ಹೇಗೆ? ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ದುಶ್ಚಟವೊಂದು ಮನುಷ್ಯನನ್ನು ಬಿಟ್ಟು ಹೋಗುವುದು ಹೇಗೆ ಎಂಬ ದೊಡ್ಡ ಪ್ರಶ್ನೆಗೆ ಇಲ್ಲಿಂದಲೇ ದಾರಿಯಿದೆ ಎಂದು ನಮಗೆ ತೋರುತ್ತದೆ.

ಕನ್ನಡಿಗರಿಗೆ ಈ ಕಥೆ ಬಂದದ್ದು ಕನಕದಾಸರ 'ನಳಚರಿತ್ರೆ'ಯಿಂದ, ಹರಿಕಥೆಗಳಿಂದ, ಯಕ್ಷಗಾನದ ಬಾಹುಕನಿಂದ. ಮೂಲ ಇರುವುದು ವ್ಯಾಸಭಾರತದ ವನಪರ್ವದಲ್ಲಿ. ಅಲ್ಲಿ ಬೃಹದಶ್ವ ಮುನಿ ಹೇಳುತ್ತಾನೆ, ಧರ್ಮರಾಯ ಕೇಳುತ್ತಾನೆ. ನನಗಿಂತ ದುಃಖಿಯಾದ ಅರಸನನ್ನು ಕಂಡಿದ್ದೀರಾ ಎಂದು ಪಗಡೆಯಲ್ಲಿ ಎಲ್ಲವನ್ನೂ ಸೋತವನು ಕೇಳಿದಾಗ, ಮುನಿ ಅವನಿಗೆ ಇನ್ನೊಬ್ಬ ಜೂಜುಗಾರನ ಕಥೆ ಹೇಳಿದ. ಇದನ್ನು ಮರೆತು ಓದಿದರೆ ನಳೋಪಾಖ್ಯಾನ ಒಂದು ಪ್ರೇಮಕಥೆ ಮಾತ್ರವಾಗುತ್ತದೆ. ಹಂಸ, ಸ್ವಯಂವರ, ವಿರಹ, ಪುನರ್ಮಿಲನ, ಅಷ್ಟೇ. ನಮ್ಮ ಪಠ್ಯಪುಸ್ತಕಗಳೂ ರಂಗಸ್ಥಳಗಳೂ ಬಹುಮಟ್ಟಿಗೆ ಹಾಗೆಯೇ ಓದಿಸಿಕೊಂಡು ಬಂದಿವೆ. ಆದರೆ ಸೋತವನಿಗೆ ಹೇಳಿದ ಕಥೆ ಎಂದು ಓದಿದಾಗ ಅದರ ಒಳಗಿನ ಲೆಕ್ಕವೇ ಬೇರೆಯಾಗಿ ಕಾಣುತ್ತದೆ. ಈ ಲೇಖನಕ್ಕೆ ವ್ಯಾಸರ ಕಥೆಯನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇವೆ.

ಮೊದಲನೆಯದಾಗಿ, ಚಟ ಒಳಹೊಕ್ಕ ರೀತಿ. ದಮಯಂತಿ ದೇವತೆಗಳನ್ನು ಬಿಟ್ಟು ಮನುಷ್ಯನನ್ನು ವರಿಸಿದಳೆಂಬ ಸಿಟ್ಟಿನಿಂದ ಕಲಿಪುರುಷ ನಳನ ಬೆನ್ನು ಹತ್ತಿದ. ಆದರೆ ಒಳಹೊಗಲು ಸಂದು ಸಿಗಲಿಲ್ಲ. ಹನ್ನೆರಡನೆಯ ವರ್ಷದಲ್ಲಿ ಒಂದು ದಿನ ನಳ ಮೂತ್ರವಿಸರ್ಜನೆ ಮಾಡಿ, ಆಚಮನ ಮಾಡಿ, ಕಾಲು ತೊಳೆಯದೆ ಸಂಧ್ಯೆಗೆ ಕುಳಿತ. ಕಲಿಗೆ ಅಷ್ಟೇ ಸಾಕಾಯಿತು. ಇದನ್ನು ಮಡಿಮೈಲಿಗೆಯ ಮಾತೆಂದು ನಕ್ಕು ತಳ್ಳಿಬಿಡುವವರೂ ಇದ್ದಾರೆ, ಎಲ್ಲ ಕಲಿಯ ಕಾಟ, ಪಾಪ, ಅವನದೇನು ತಪ್ಪು ಎಂದು ಕನಿಕರಿಸುವವರೂ ಇದ್ದಾರೆ. ಎರಡೂ ಅವಸರದ ಓದು. ಹನ್ನೆರಡು ವರ್ಷ ನಿಯಮದಿಂದಿದ್ದವನ ಒಂದು ಸಂಜೆಯ ಉದಾಸೀನವನ್ನು ಕವಿ ಗುರುತಿಸಿದ್ದಾನೆ. ಚಟ ಹಿಡಿದವರ ಮನೆಯವರನ್ನು ಕೇಳಿ ನೋಡಿ. ಶುರುವಾದದ್ದು ಯಾವಾಗ ಎಂದರೆ ಇಂಥದೇ ಒಂದು ಅಲ್ಪ ಸಂಗತಿಯನ್ನು ಹೇಳುತ್ತಾರೆ.

ಆಟ ಅನೇಕ ತಿಂಗಳು ನಡೆಯಿತು. ಪೌರರು, ಮಂತ್ರಿಗಳು ಅರಮನೆಯ ಬಾಗಿಲಿಗೆ ಬಂದು ನಿಂತರು. ದಮಯಂತಿ ಅಳುತ್ತ ಬೇಡಿಕೊಂಡಳು. ನಳ ಉತ್ತರವನ್ನೇ ಕೊಡಲಿಲ್ಲ. ಕವಿ ಇಲ್ಲಿ ವಾದವಿವಾದವನ್ನೇ ಕಟ್ಟಿಲ್ಲ. ಬುದ್ಧಿ ಹೇಳಿದವರಿಗೂ ಹೇಳಿಸಿಕೊಂಡವನಿಗೂ ನಡುವೆ ಮಾತೇ ಇಲ್ಲ. ಈ ಮೌನ ನಮಗೆ ನಳೋಪಾಖ್ಯಾನದ ಅತಿ ನಿಜವಾದ ಭಾಗಗಳಲ್ಲಿ ಒಂದು. ಅಮೆರಿಕದ ಮನೋವೈದ್ಯರ ಸಂಘ ಜೂಜಿನ ಗೀಳನ್ನು ಮದ್ಯ ಮತ್ತು ಮಾದಕ ವಸ್ತುಗಳ ಚಟದ ಸಾಲಿಗೆ ಸೇರಿಸಿದ್ದು 2013ರಲ್ಲಿ. ಅದು ಬುದ್ಧಿವಾದಕ್ಕೆ ಬಗ್ಗುವ ದೋಷವಲ್ಲ ಎಂಬುದನ್ನು ಮಂತ್ರಿಗಳನ್ನು ಬಾಗಿಲಲ್ಲೇ ನಿಲ್ಲಿಸಿದ ಕವಿ ಬಲ್ಲವನಾಗಿದ್ದ.

ಇನ್ನೂ ಹಿಂದೆ ಹೋದರೆ ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತವಿದೆ. ಅಲ್ಲಿ ಮಾತಾಡುವವನೇ ಜೂಜುಗಾರ. ಅತ್ತೆ ದ್ವೇಷಿಸುತ್ತಾಳೆ, ಹೆಂಡತಿ ದೂರವಿಡುತ್ತಾಳೆ, ಇನ್ನು ಆ ಕಡೆ ಹೋಗಬಾರದೆಂದು ನಿಶ್ಚಯ ಮಾಡಿರುತ್ತಾನೆ. ದಾಳ ಉರುಳಿದ ಸದ್ದು ಕಿವಿಗೆ ಬಿದ್ದೊಡನೆ ನಿಶ್ಚಯ ಹೋಯಿತು, ಕಾಲು ತಾನಾಗಿಯೇ ಅತ್ತ ನಡೆಯಿತು. ಈ ಸೂಕ್ತ ಕೊನೆಯಲ್ಲಿ ಕೊಡುವ ಸಲಹೆ ಕುತೂಹಲಕರ. ಜೂಜಾಡಬೇಡ ಎಂದು ಹೇಳಿ ಅಲ್ಲಿಗೇ ಬಿಡುವುದಿಲ್ಲ. ಹೊಲ ಉಳು, ನಿನ್ನ ದನಗಳು ಅಲ್ಲಿವೆ, ನಿನ್ನ ಹೆಂಡತಿ ಅಲ್ಲಿದ್ದಾಳೆ ಎನ್ನುತ್ತದೆ. ದಾಳ ಹಿಡಿದ ಕೈಗೆ ನೇಗಿಲು ಕೊಡುತ್ತದೆ. ಒಂದು ಚಟದ ಜಾಗಕ್ಕೆ ಇನ್ನೊಂದು ಅಭ್ಯಾಸವನ್ನು ತಂದು ಕೂರಿಸಬೇಕೆಂದು ಈಗಿನ ವ್ಯಕ್ತಿತ್ವ ವಿಕಸನದ ಪುಸ್ತಕಗಳು ಹೊಸದಾಗಿ ಕಂಡುಹಿಡಿದಂತೆ ಸಾರುವ ಮಾತು ಇದೇ. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದವೂ ಕೆಟ್ಟ ಯೋಚನೆ ಕಾಡಿದಾಗ ಅದರ ಪ್ರತಿಪಕ್ಷವನ್ನು ಭಾವಿಸು ಎಂದೇ ಹೇಳುತ್ತದೆ.

ಆದರೆ ನೇಗಿಲು ಕೊಟ್ಟ ಮಾತ್ರಕ್ಕೆ ಜೂಜುಗಾರ ಉಳುತ್ತಾನೆಯೇ? ಸೂಕ್ತ ಅದನ್ನು ಹೇಳುವುದಿಲ್ಲ. ಅದರ ಕೆಲಸವೂ ಅದಲ್ಲ. ಅಲ್ಲಿಂದ ಮುಂದಿನ ಕಥೆಯನ್ನು ಹೇಳುವವನು ಬೃಹದಶ್ವ.

ರಾಜ್ಯ ಹೋಯಿತು. ಮೈಮೇಲಿದ್ದ ಒಂದೇ ಬಟ್ಟೆಯನ್ನೂ ಹಕ್ಕಿಗಳು ಹೊತ್ತುಕೊಂಡು ಹೋದವು; ತಾವು ಆ ದಾಳಗಳೇ ಎಂದು ಅವು ಆಕಾಶದಿಂದ ಹೇಳಿದವು. ದಮಯಂತಿಯ ಸೀರೆಯ ಅರ್ಧವನ್ನು ಹರಿದುಕೊಂಡು ಅವಳನ್ನು ಬಿಟ್ಟು ನಡೆದಾಗ ನಳ ಹೋಗುತ್ತಾನೆ, ಮರಳಿ ಬರುತ್ತಾನೆ, ಮತ್ತೆ ಹೋಗುತ್ತಾನೆ. ಮನಸ್ಸು ಉಯ್ಯಾಲೆಯಂತಾಯಿತು ಎನ್ನುತ್ತಾನೆ ಕವಿ. ಮುಂದೆ ಕಾರ್ಕೋಟಕ ಕಚ್ಚಿ ರೂಪ ಕೆಡಿಸಿದ. ಆ ವಿಷ ನಳನಿಗಲ್ಲ, ಒಳಗಿರುವ ಕಲಿಗೆ. ಬಾಹುಕನಾಗಿ ಅಯೋಧ್ಯೆಗೆ ಹೋಗು, ಅಲ್ಲಿಯ ಋತುಪರ್ಣ ಅರಸನಿಗೆ ಅಕ್ಷಹೃದಯ, ಎಂದರೆ ದಾಳಗಳ ಒಳಗುಟ್ಟು ಗೊತ್ತಿದೆ. ನಿನಗೆ ತಿಳಿದ ಅಶ್ವಹೃದಯವನ್ನು ಕೊಟ್ಟು ಅದನ್ನು ಪಡೆ ಎಂದು ಹಾವೇ ಹೇಳಿಕೊಟ್ಟಿತು.

ಅಯೋಧ್ಯೆಯಲ್ಲಿ ನಳ ಮಾಡಿದ್ದೇನು? ಕುದುರೆ ಲಾಯ ನೋಡಿಕೊಂಡ, ಅಡಿಗೆ ಮಾಡಿದ. ಎರಡೂ ಅವನಿಗೆ ಮೊದಲಿನಿಂದ ಬಂದ ವಿದ್ಯೆಗಳು. ಅಡಿಗೆಯ ರುಚಿಯಂತೂ ಸ್ವಯಂವರದ ದಿನ ಯಮಧರ್ಮ ಕೊಟ್ಟ ವರ.  ಕೆಟ್ಟದ್ದರ ಜಾಗಕ್ಕೆ ಒಳ್ಳೆಯದನ್ನು ತರಬೇಕು ಎನ್ನುವವರು ಆ ಒಳ್ಳೆಯದನ್ನು ಸಾಮಾನ್ಯವಾಗಿ ಹೊರಗಿನಿಂದ ತರುತ್ತಾರೆ: ಬೆಳಿಗ್ಗೆ ಐದಕ್ಕೆ ಏಳು, ದಿನಚರಿ ಬರೆ, ತಣ್ಣೀರು ಸ್ನಾನ ಮಾಡು. ಬೆಂಜಮಿನ್ ಫ್ರಾಂಕ್ಲಿನ್ 13 ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರಂತೆ ಹಿಡಿದು, ತಪ್ಪಿದಾಗಲೆಲ್ಲ ಕಿರುಹೊತ್ತಗೆಯಲ್ಲಿ ಕಪ್ಪು ಚುಕ್ಕೆಯಿಟ್ಟ. ಅಚ್ಚುಕಟ್ಟುತನ ಎಂಬ ಗುಣ ತನಗೆ ಕೊನೆಗೂ ಕೈಹತ್ತಲಿಲ್ಲವೆಂದು ಅವನೇ ನಗುತ್ತ ಬರೆದಿದ್ದಾನೆ. ಪಟ್ಟಿಯ ಗುಣಗಳೆಲ್ಲ ಒಳ್ಳೆಯವೇ, ಆದರೆ ಎಲ್ಲವೂ ಅವನ ಸ್ವಭಾವದಿಂದ ಹುಟ್ಟಿದವಲ್ಲ. ನಳನ ಕೈಗೆ ಬಂದ ಸೌಟು ಹಾಗೂ ಲಗಾಮು ಅವನವೇ.

ಹಾಗೆಂದು ಅಡಿಗೆಮನೆಯಲ್ಲಿ ಕಲಿ ಬಿಟ್ಟುಹೋದನೆ? ಇಲ್ಲ. ಇಲ್ಲಿ ವ್ಯಾಸರ ಕಥೆ ಎಲ್ಲ ಉಪದೇಶ ಗ್ರಂಥಗಳಿಗಿಂತ ಪ್ರಾಮಾಣಿಕವಾಗಿದೆ. ಕಲಿ ಒಳಗೇ ಇದ್ದ, ವಿಷದಿಂದ ಉರಿಯುತ್ತ ಇದ್ದ. ದಿನವೂ ಕೆಲಸ ನಡೆಯುತ್ತಿತ್ತು, ರಾತ್ರಿ ದುಃಖವೂ ನಡೆಯುತ್ತಿತ್ತು. ದಮಯಂತಿಯನ್ನು ಕೂಡಿದ್ದು ನಾಲ್ಕನೆಯ ವರ್ಷದಲ್ಲಿ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರ ತನ್ನ ಪುಸ್ತಕದಲ್ಲಿ, ಶಸ್ತ್ರಕ್ರಿಯೆಯಾದವರಿಗೆ ಹೊಸ ಮುಖ ಒಗ್ಗಲು ಕಡಿಮೆಯೆಂದರೆ ಸುಮಾರು 21 ದಿನ ಬೇಕು ಎಂದು ಬರೆದ. ಕಡಿಮೆಯೆಂದರೆ ಎಂಬುದನ್ನು ಬಿಟ್ಟು, ಮುಖ ಎಂಬುದನ್ನೂ ಬಿಟ್ಟು, ಯಾವ ಚಟಕ್ಕೂ 21 ದಿನ ಸಾಕೆಂಬ ಮಂತ್ರ ಲೋಕವೆಲ್ಲ ಹರಡಿತು. ಲಂಡನ್ನಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ನೆಲೆಗೊಳ್ಳಲು 18ರಿಂದ 254 ದಿನ ಹಿಡಿಯಬಹುದೆಂದು ಲೆಕ್ಕವಾಯಿತು. ಅದೂ ಊಟದ ಜೊತೆಗೆ ಹಣ್ಣು ತಿನ್ನುವಂಥ ಸಾಧು ಅಭ್ಯಾಸಗಳ ಮಾತು, ಜೂಜು ಬಿಡುವುದಲ್ಲ. ಹೊಸ ಮುಖದ ಬಾಹುಕನಿಗಂತೂ 21 ದಿನದಲ್ಲಿ ಏನೂ ಆಗಲಿಲ್ಲ.

ಆದದ್ದು ದಾರಿಯಲ್ಲಿ, ಒಂದು ಮರದ ಕೆಳಗೆ. ದಮಯಂತಿಗೆ ಮರುದಿನವೇ ಎರಡನೆಯ ಸ್ವಯಂವರ ಎಂಬ ಸುದ್ದಿ ಕೇಳಿ ಋತುಪರ್ಣ ಹೊರಟಿದ್ದಾನೆ. ನೂರು ಯೋಜನ, ಒಂದೇ ದಿನ, ಸಾರಥಿ ಬಾಹುಕ. ಕುದುರೆಗಳ ವೇಗಕ್ಕೆ ಬೆರಗಾದ ಅರಸನಿಗೂ ತನ್ನ ವಿದ್ಯೆ ತೋರಿಸುವ ಆಸೆಯಾಯಿತು. ದಾರಿಬದಿಯ ತಾರೆಮರವನ್ನು ಓಡುವ ರಥದಿಂದಲೇ ನೋಡಿ, ಅದರ ಎಲೆಗಳಿಷ್ಟು, ಕಾಯಿಗಳಿಷ್ಟು ಎಂದು ಹೇಳಿದ. ಬಾಹುಕ ರಥ ನಿಲ್ಲಿಸಿಬಿಟ್ಟ. ಎಣಿಸಿಯೇ ನೋಡಬೇಕೆಂದ. ಹೊತ್ತಾಗುತ್ತದೆ ಎಂದು ಅರಸ ಚಡಪಡಿಸಿದರೆ, ಹಾಗಾದರೆ ವಾರ್ಷ್ಣೇಯನನ್ನು ಸಾರಥಿ ಮಾಡಿಕೊಂಡು ಹೋಗಬಹುದು ಎಂದ! ಎಣಿಸಿದ, ಲೆಕ್ಕ ಸರಿಯಾಗಿತ್ತು.

ಈ ಪ್ರಸಂಗವನ್ನು ಋತುಪರ್ಣನ ಅವಸರದ ಹಾಸ್ಯಕ್ಕಾಗಿ ಮಾತ್ರ ನೋಡಿ ಮುಂದೆ ಹೋಗುವುದು ಸುಲಭ. ತುಸು ನಿಲ್ಲೋಣ. ಮಂತ್ರಿಗಳು ಬಾಗಿಲಲ್ಲಿ ನಿಂತರೂ ಆಟ ಬಿಟ್ಟೇಳದ ಹಟ ಯಾವುದೋ, ಅರಸ ಗೋಗರೆದರೂ ಎಣಿಕೆ ಬಿಟ್ಟೇಳದ ಹಟವೂ ಅದೇ. ಸ್ವಭಾವ ಬದಲಾಗಿಲ್ಲ, ಅದು ಹಿಡಿದ ವಸ್ತು ಬದಲಾಗಿದೆ. ಮರವೂ ಸುಮ್ಮನೆ ಸಿಕ್ಕ ಮರವಲ್ಲ. ವೇದಕಾಲದಲ್ಲಿ ದಾಳಗಳಾಗಿ ಉರುಳುತ್ತಿದ್ದವು ಈ ತಾರೆಕಾಯಿಗಳೇ. ಯಾವ ಕಾಯಿಗಳನ್ನು ಅದೃಷ್ಟವೆಂದು ಎಸೆದು ನಳ ಹಾಳಾದನೋ ಅವನ್ನೇ ಈಗ ಒಂದೊಂದಾಗಿ ಎಣಿಸುತ್ತಿದ್ದಾನೆ. ಅಕ್ಷಹೃದಯವೆಂದರೆ ಮಂತ್ರವಲ್ಲ, ಸಂಖ್ಯಾನ, ಅಂದರೆ ಲೆಕ್ಕ. ಋತುಪರ್ಣ ಎರಡನ್ನೂ ಒಟ್ಟಿಗೇ ಹೇಳುತ್ತಾನೆ. ವಿನಿಮಯವಾಯಿತು. ಆ ಕ್ಷಣದಲ್ಲಿ ಕಲಿ ಕಾರ್ಕೋಟಕನ ವಿಷವನ್ನು ಕಾರುತ್ತ ಹೊರಗೆ ಬಂದ, ಕೈಮುಗಿದ, ಹೋಗಿ ಆ ತಾರೆಮರವನ್ನೇ ಸೇರಿಕೊಂಡ.

ನಮ್ಮ ಮಟ್ಟಿಗೆ ಚಟ ಬಿಡುವ ಬಗೆಯನ್ನು ಕುರಿತು ಭಾರತೀಯ ಸಾಹಿತ್ಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಚಿತ್ರವಿಲ್ಲ. ನಳ ಪ್ರತಿಜ್ಞೆ ಮಾಡಲಿಲ್ಲ. ಪಶ್ಚಾತ್ತಾಪದಿಂದ ಕಲಿ ಹೋಗುವುದಿದ್ದರೆ ಮೂರು ವರ್ಷದ ಕಣ್ಣೀರಿಗೇ ಹೋಗಬೇಕಿತ್ತು. ಬರಿಯ ದುಡಿಮೆಯಿಂದಲೂ ಹೋಗಲಿಲ್ಲ. ದುಡಿಮೆ ಅವನನ್ನು ಬದುಕಿಸಿ ಇಟ್ಟಿತು. ಅಲ್ಲದೆ ವಿನಿಮಯಕ್ಕೆ ಬೇಕಾದ ಬಂಡವಾಳವೂ ಆಯಿತು. ಕೈಯಲ್ಲಿ ಅಶ್ವಹೃದಯವಿಲ್ಲದವನಿಗೆ ಅಕ್ಷಹೃದಯವನ್ನು ಯಾರು ಕೊಡುತ್ತಿದ್ದರು? ಹೆಚ್ಚಿನ ಉಪದೇಶಕರಿಗೆ ಹೊಳೆಯದ ಸಂಗತಿ ಇದು. ಅವರು ದುರ್ಬಲನಿಗೆ ಅವನ ದೌರ್ಬಲ್ಯದ ವಿಷಯವನ್ನೇ ಹೇಳುತ್ತಾರೆ. ಕಾರ್ಕೋಟಕ ಹೇಳಿದ್ದು ನಳನ ಬಲದ ವಿಷಯವನ್ನು.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ತಿಳಿದವರೆಲ್ಲ ಬಿಡುತ್ತಾರೆಯೇ? ದಾಸ್ತೋಯೆವ್‌ಸ್ಕಿಗಿಂತ ಜೂಜನ್ನು ಬಲ್ಲ ಲೇಖಕನಿಲ್ಲ. 1866ರ ಅಕ್ಟೋಬರಿನಲ್ಲಿ ಪ್ರಕಾಶಕನ ಕರಾರಿಗೆ ಅಂಜಿ 'ಜೂಜುಗಾರ' ಕಾದಂಬರಿಯನ್ನು ಒಂದು ತಿಂಗಳೂ ಹಿಡಿಯದೆ ಹೇಳಿ ಬರೆಸಿದ. ಬರೆದುಕೊಂಡ ಅನ್ನಾಳನ್ನೇ ಮುಂದಿನ ವರ್ಷ ಮದುವೆಯಾದ. ರೂಲೆಟ್ ಮೇಜಿನ ಮುಂದೆ ಮನುಷ್ಯನ ಎದೆಯಲ್ಲಿ ಏನಾಗುತ್ತದೆಂದು ಅಷ್ಟು ಸ್ಪಷ್ಟವಾಗಿ ಬರೆದವನು 1871ರ ತನಕ ಆಡುತ್ತಲೇ ಇದ್ದ. ಹೆಂಡತಿಯ ಉಡುಪು ಒಡವೆಗಳೂ ಒತ್ತೆ ಹೋದವು. ಅವನಿಗೆ ಜೂಜುಗಾರನ ಹೃದಯ ತಿಳಿದಿತ್ತು, ದಾಳದ ಹೃದಯ ತಿಳಿದಿರಲಿಲ್ಲ ಎಂದು ಜಾಣತನದ ಉತ್ತರ ಕೊಡಬಹುದು. ಅಷ್ಟರಿಂದ ನಮಗೆ ಸಮಾಧಾನವಿಲ್ಲ. ತಿಳಿವು ಹೊರಗೆ ನಿಂತು ಬರೆದ ಮಾತ್ರಕ್ಕೆ ಬರುವುದಲ್ಲ, ಕೊಟ್ಟು ಕೊಂಡಾಗ ಬರುತ್ತದೆ ಎಂಬುದೇ ವ್ಯಾಸರ ಕಥೆಗೆ ಹೆಚ್ಚು ಹತ್ತಿರದ ಉತ್ತರ. ಮೈಗೆ ಹತ್ತಿದ ಕುಡಿತದಂಥ ಚಟಗಳ ಮಾತು ಇನ್ನೂ ಬೇರೆ. ಅಲ್ಲಿ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯವಾಗಬಹುದು. ಕಾವ್ಯವಲ್ಲ, ವೈದ್ಯರು ಬೇಕು.

ಕೊಟ್ಟು ಕೊಳ್ಳುವ ಮಾತು ಬಂದಾಗ ನಮ್ಮ ಮುಂಬಯಿಯನ್ನೇ ನೋಡಬಹುದು. ನ್ಯೂಯಾರ್ಕಿನ ಹತ್ತಿಯ ದರದ ಮೇಲೆ ಪಣವೊಡ್ಡುವುದರಿಂದ ಹುಟ್ಟಿ, 1960ರ ದಶಕದಲ್ಲಿ ಮಡಕೆಯಿಂದ ಚೀಟಿ ಎತ್ತುವ ಮಟಕಾ ಆಗಿ ಬೆಳೆದ ಜೂಜು ಗಿರಣಿ ಕಾರ್ಮಿಕರನ್ನೂ ಹೋಟೆಲಿನ ಹುಡುಗರನ್ನೂ ಸಮನಾಗಿ ಹಿಡಿಯಿತು. ಊರಿನಿಂದ ಹತ್ತು ಹನ್ನೆರಡರ ವಯಸ್ಸಿಗೆ ಬಂದು ಲೋಟ ತೊಳೆಯುವ ಹುಡುಗನಿಗೆ ರಾತ್ರಿಯ ಎರಡು ಗಂಟೆ ಬಿಡುವಿತ್ತು. ಆ ಎರಡು ಗಂಟೆಗೆ ಮಟಕಾ ಒಂದು ಕಡೆ ಕಾದಿತ್ತು, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆ ಇನ್ನೊಂದು ಕಡೆ. ರಾತ್ರಿಶಾಲೆ ನಡೆಸಿದವರು ಜೂಜು ಕೆಟ್ಟದ್ದೆಂದು ಭಾಷಣ ಮಾಡಿರಬಹುದು, ಮಾಡದೆಯೂ ಇರಬಹುದು. ಬೆಂಚು ಹಾಕಿದರು, ದೀಪ ಹಚ್ಚಿದರು, ಲೆಕ್ಕ ಹೇಳಿಕೊಟ್ಟರು. ಓಪನ್ ಎಷ್ಟು, ಕ್ಲೋಸ್ ಎಷ್ಟು ಎಂದು ಅಂಕಿಗಳ ಹಿಂದೆ ಓಡಬಹುದಾಗಿದ್ದ ತಲೆಗಳು ಅಂಕಗಣಿತಕ್ಕೆ ಹತ್ತಿದವು. ಅವರಲ್ಲಿ ವಕೀಲರಾದವರುಂಟು, ಬ್ಯಾಂಕ್ ಅಧಿಕಾರಿಗಳಾದವರುಂಟು, ಬರಹಗಾರರಾದವರುಂಟು. ಇದನ್ನು ನಮ್ಮ ಸಂಘಗಳ ಚರಿತ್ರೆಯಲ್ಲಿ ವಿದ್ಯಾಪ್ರಸಾರವೆಂದು ಮಾತ್ರ ದಾಖಲಿಸುತ್ತಾರೆ. ಇನ್ನೊಂದು ಹೆಸರಿನಲ್ಲೂ ದಾಖಲಿಸಬಹುದಿತ್ತು.

2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಸರಿಯೇ. ಮೊಬೈಲಿನಲ್ಲಿ ರಮ್ಮಿ ಆಡಿ ಸಾಲದಲ್ಲಿ ಮುಳುಗಿದ ಮನೆಗಳನ್ನು ಕಂಡವರು ಬೇಡವೆನ್ನಲಾರರು. ಆದರೆ ಹಲಗೆಯನ್ನು ಎತ್ತಿಬಿಟ್ಟಾಗ ಆ ಬೆರಳುಗಳಿಗೆ ಬೇರೆ ಏನು ಕೊಟ್ಟೆವು ಎಂಬ ಪ್ರಶ್ನೆ ಕಾನೂನಿನದಲ್ಲ, ನಮ್ಮಂಥ ಸಂಘಗಳದು. ವಾಚನಾಲಯಕ್ಕಿಂತ ಇಸ್ಪೀಟು ಕೋಣೆಯಲ್ಲಿ ದೀಪ ಹೆಚ್ಚು ಹೊತ್ತು ಉರಿಯುವ ಸಂಘಗಳು ಈ ಮಹಾನಗರಗಳಲ್ಲಿ ಇಲ್ಲವೆನ್ನುವಂತಿಲ್ಲ.

ಕಥೆಗೆ ಮರಳಿದರೆ, ಅದರ ಕೊನೆಯಲ್ಲಿ ಒಂದು ಮುಳ್ಳಿದೆ. ಸಂಸಾರ ಕೂಡಿದ ಮೇಲೆ ನಳ ನಿಷಧಕ್ಕೆ ಹೋಗಿ ಪುಷ್ಕರನನ್ನು ಮತ್ತೆ ಆಟಕ್ಕೆ ಕರೆದ. ಪಣವೇನು? ಗಳಿಸಿದ ಧನ, ಮತ್ತು ದಮಯಂತಿ. ಎಲ್ಲವನ್ನೂ ಸೋತ ದಿನ ದಮಯಂತಿಯನ್ನು ಒಡ್ಡು ಎಂದು ಪುಷ್ಕರ ಕೆಣಕಿದಾಗ ಎದೆ ಬಿರಿಯುವಂತಾದರೂ ಬಾಯಿ ತೆರೆಯದೆ ಒಡವೆ ಕಳಚಿಟ್ಟು ಹೊರನಡೆದವನು, ಕಲಿ ಬಿಟ್ಟುಹೋದ ಮೇಲೆ ತಾನಾಗಿಯೇ ಅವಳನ್ನು ಪಣಕ್ಕಿಟ್ಟ! ಒಂದೇ ಎಸೆತದಲ್ಲಿ ಗೆದ್ದ, ಪುಷ್ಕರನನ್ನು ಕ್ಷಮಿಸಿದ, ಎಲ್ಲ ಸುಖವಾಯಿತು. ಗೆಲ್ಲುವುದು ಖಚಿತವಾಗಿದ್ದುದರಿಂದ ಅದು ಜೂಜೇ ಅಲ್ಲ ಎಂದು ವಾದಿಸುವವರಿದ್ದಾರೆ. ಖಚಿತವೆಂದು ನಂಬದ ಜೂಜುಗಾರ ಎಲ್ಲಿದ್ದಾನೆ? ಅಳುತ್ತ ಬೇಡಿಕೊಂಡು ಫಲ ಕಾಣದೆ, ಮಕ್ಕಳನ್ನು ತವರಿಗೆ ಕಳುಹಿಸಿ ಉಳಿಸಿದವಳು ದಮಯಂತಿ. ಸುಳ್ಳು ಸ್ವಯಂವರ ಹೂಡಿ ಆ ರಥವನ್ನು ತಾರೆಮರದ ದಾರಿಗೆ ತಂದವಳೂ ಅವಳೇ. ಅವಳನ್ನು ಮತ್ತೆ ಹಲಗೆಯ ಬಳಿ ತಂದಿಟ್ಟ ಈ ಮುಕ್ತಾಯ ನಮಗೆ ಒಪ್ಪಿಗೆಯಾಗುವುದಿಲ್ಲ. ವಿದ್ಯೆ ನಳನ ಸೋಲನ್ನು ಕಳೆಯಿತು. ಜೂಜನ್ನು ಪೂರ್ತಿ ಕಳೆಯಿತೆಂದು ಹೇಳುವ ಧೈರ್ಯ ನಮಗಿಲ್ಲ.

ಬಹುಶಃ ಅದಕ್ಕಾಗಿಯೇ ಮಹಾಭಾರತ ಕೇಳುಗನನ್ನು ಅಲ್ಲಿಗೇ ಬಿಡುವುದಿಲ್ಲ. ಕಥೆ ಮುಗಿಸಿದ ಬೃಹದಶ್ವ ಅದೇ ಅಕ್ಷಹೃದಯವನ್ನು ಧರ್ಮರಾಯನಿಗೂ ಕೊಟ್ಟ. ಅವನು ಅದನ್ನು ಹೊತ್ತುಕೊಂಡು ಹೋದದ್ದು ವಿರಾಟನ ಅರಮನೆಗೆ, ಅರಸನ ಜೂಜಿನ ಸಂಗಾತಿ ಕಂಕನಾಗಿ. ಗೆದ್ದ ಹಣವನ್ನು ಅರಸನಿಗೆ ತಿಳಿಯದಂತೆ ತಮ್ಮಂದಿರಿಗೆ ಹಂಚುತ್ತಿದ್ದ. ಉತ್ತರ ಗೆದ್ದನೆಂಬ ಸುದ್ದಿ ಬಂದ ದಿನ ಹಿಗ್ಗಿದ ವಿರಾಟ ದಾಳ ತರಿಸಿದಾಗ, ಕಂಕ ಬೇಡವೆಂದ. ಜೂಜಿನಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಸೋತ ಯುಧಿಷ್ಠಿರನೆಂಬವನ ಕಥೆಯನ್ನು ಕೇಳಿಲ್ಲವೇ ಎಂದು ತನ್ನದೇ ಹೆಸರು ಹೇಳಿ ಎಚ್ಚರಿಸಿದ. ಅರಸ ಕೇಳಲಿಲ್ಲ, ಆಟ ನಡೆಯಿತು. ಮಗನನ್ನು ಹೊಗಳಿದಾಗಲೆಲ್ಲ ಕಂಕ ಬೃಹನ್ನಳೆಯನ್ನು ಹೊಗಳಿದ್ದರಿಂದ ಸಿಟ್ಟಾದ ಅರಸ ದಾಳವನ್ನೇ ಅವನ ಮುಖಕ್ಕೆ ಎಸೆದ. ಮೂಗಿನಿಂದ ರಕ್ತ ಸುರಿಯಿತು. ಕಂಕ ಅದು ನೆಲಕ್ಕೆ ಬೀಳದಂತೆ ಬೊಗಸೆಯೊಡ್ಡಿ, ಪಕ್ಕದಲ್ಲಿದ್ದ ಸೈರಂಧ್ರಿಯ ಕಡೆ ನೋಡಿದ. ಒಮ್ಮೆ ಅವನು ಪಣಕ್ಕಿಟ್ಟು ಸೋತಿದ್ದ ದ್ರೌಪದಿ ಆ ನೋಟವನ್ನು ತಿಳಿದುಕೊಂಡು, ನೀರು ತುಂಬಿದ ಚಿನ್ನದ ಪಾತ್ರೆಯನ್ನು ತಂದು ಆ ರಕ್ತಕ್ಕೆ ಹಿಡಿದಳು.